405 ಲೈನ್ ಕನ್ವರ್ಟರ್ ಕಟ್ಟೋಕೆ ಚಿಪ್ ಎಲ್ಲಿಂದ ತರೋದು?

ಪರದೆಪ್ರಿಯ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ 1950ರ ದಶಕದ ಒಂದು ಬ್ರಿಟಿಷ್ ಟಿವಿ ಇದೆ. 405 ಲೈನಿನದು, ಅಂದರೆ ಚಿತ್ರವನ್ನು 405 ಅಡ್ಡ ಗೆರೆಗಳಲ್ಲಿ ಬರೆಯುವಂಥದ್ದು. ಸೋರುತ್ತಿದ್ದ ಕೆಪಾಸಿಟರ್‌ಗಳನ್ನೆಲ್ಲ ಬದಲಾಯಿಸಿ, ಎರಡು ವಾಲ್ವು ಹೊಸದು ಹಾಕಿ, ಹೇಗೋ ಪರದೆ ಬೆಳಗುವ ಹಾಗೆ ಮಾಡಿದ್ದೇನೆ. ಆದರೆ ತೋರಿಸೋಕೆ ಏನೂ ಇಲ್ಲ. ಬ್ರಿಟನ್ನಿನಲ್ಲಿ 405 ಲೈನ್ ಪ್ರಸಾರ 1985ರ ಜನವರಿಯಲ್ಲೇ ನಿಂತುಹೋಯಿತು. ಡಿವಿಡಿ ಪ್ಲೇಯರಿನ 625 ಲೈನ್ ಸಿಗ್ನಲ್ ಕೊಟ್ಟರೆ ಬರೀ ಓರೆ ಪಟ್ಟಿಗಳು. ಲೈನ್ ಹೋಲ್ಡ್ ಗುಂಡಿ ಎಷ್ಟು ತಿರುಗಿಸಿದರೂ ನಿಲ್ಲುವುದಿಲ್ಲ.

625ನ್ನು 405 ಮಾಡುವ ಕನ್ವರ್ಟರ್ ಕಟ್ಟೋಣ ಅಂತ ಒಂದು ಹಳೇ ಸರ್ಕ್ಯೂಟ್ ಹಿಡಿದು ಕೂತಿದ್ದೇನೆ. ಅದರಲ್ಲಿರುವುದು ಇಷ್ಟು: ಎಲ್‌ಎಂ1881, ಟಿಡಿಎ8708, ನಾಲ್ಕು ಐಡಿಟಿ7202, ಇಪಿಎಂ7128ಎಸ್, 27ಸಿ512 ಎರಡು, ಎಂಸಿ1496 ಎರಡು, ಟೋಕೋ ಕಾಯಿಲ್ ಐದು, ಮತ್ತೆ ರಾಶಿ ರಾಶಿ 74 ಸರಣಿಯ ಚಿಪ್. ಹುಡುಕಿದರೆ ಅರ್ಧಕ್ಕರ್ಧ "ತಯಾರಿಕೆ ನಿಂತಿದೆ" ಅಂತ ಬರುತ್ತದೆ. ಕೈ ಬಿಡೋದಾ? ಅಥವಾ ಬದಲಿ ಏನಾದರೂ ಇದೆಯಾ?

ಬೆಸುಗೆಕಡ್ಡಿ

ಕೈ ಬಿಡಬೇಡಿ ಸರ್. ಮೊದಲು ಆ ಪಟ್ಟಿಯನ್ನು ಪಕ್ಕಕ್ಕಿಡಿ. ನಂಬರ್ ಹಿಡಿದು ಹುಡುಕಿದರೆ ಸೋಲುತ್ತೀರಿ. ಪ್ರತಿ ಚಿಪ್ಪು ಅಲ್ಲಿ ಏನು ಕೆಲಸ ಮಾಡುತ್ತಿದೆ ಅಂತ ನೋಡಿ. ಕೆಲಸ ಗೊತ್ತಾದರೆ ಆಳು ಸಿಗುತ್ತಾನೆ.

ಸ್ವಲ್ಪ ಲೆಕ್ಕ ಹಾಕೋಣ. 625ರಲ್ಲಿ ಸೆಕೆಂಡಿಗೆ 15,625 ಗೆರೆ. 405ರಲ್ಲಿ 10,125. ಎರಡರಲ್ಲೂ ಸೆಕೆಂಡಿಗೆ 50 ಫೀಲ್ಡ್ (ಒಂದು ಬಿಟ್ಟು ಒಂದು ಗೆರೆಯ ಅರ್ಧ ಚಿತ್ರ). ಅಂದರೆ ಒಂದು ಫೀಲ್ಡಿನ ಸಮಯ ಎರಡಕ್ಕೂ ಒಂದೇ. ಬರುವ 125 ಗೆರೆಗೆ 81 ಗೆರೆ ಹೊರಗೆ ಹೋಗಬೇಕು, ಅಷ್ಟೇ ಕೆಲಸ. ಹೆಚ್ಚುಕಮ್ಮಿ ಮೂರು ಬಂದರೆ ಎರಡು ಹೋಗುತ್ತವೆ. ಹಾಗಾಗಿ ಇಡೀ ಫ್ರೇಮ್ ಕೂಡಿಟ್ಟುಕೊಳ್ಳುವ ದೊಡ್ಡ ಮೆಮೊರಿ ಬೇಕಿಲ್ಲ. ಕೆಲವು ಗೆರೆ ಹಿಡಿಸುವಷ್ಟು ಜಾಗ ಇದ್ದರೆ ಸಾಕು.

ಇನ್ನೊಂದು ಮಜಾ ನೋಡಿ. ಡಿಜಿಟಲ್ ವಿಡಿಯೊದಲ್ಲಿ 625ರ ಒಂದು ಗೆರೆಗೆ 13.5 ಮೆಗಾಹರ್ಟ್ಸ್‌ನಲ್ಲಿ 864 ಸ್ಯಾಂಪಲ್. ಅದೇ 864 ಸ್ಯಾಂಪಲ್ಲನ್ನು 405ರ ಒಂದು ಗೆರೆಗೆ ಹಂಚಿದರೆ 864 × 10,125 = 8.748 ಮೆಗಾಹರ್ಟ್ಸ್. ಆ ಕ್ಲಾಕಿನಲ್ಲಿ ಓದಿದರೆ 52 ಮೈಕ್ರೊಸೆಕೆಂಡಿನ ಚಿತ್ರ ತಾನಾಗಿಯೇ 80 ಮೈಕ್ರೊಸೆಕೆಂಡಿಗೆ ಹಿಗ್ಗುತ್ತದೆ. 405ಕ್ಕೆ ಬೇಕಾದ್ದೂ ಅಷ್ಟೇ! 5 ಮೆಗಾಹರ್ಟ್ಸ್‌ನ ವಿವರ 3.24ಕ್ಕೆ ಇಳಿಯುತ್ತದೆ. 405ರ ಬ್ಯಾಂಡ್‌ವಿಡ್ತ್ 3 ಮೆಗಾಹರ್ಟ್ಸ್. ಯಾರೋ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಈಗ ನಿಮ್ಮ ಪಟ್ಟಿಗೆ ಬರೋಣ. ಟಿಡಿಎ8708ರ ಕೆಲಸ ಅನಲಾಗ್ ವಿಡಿಯೊವನ್ನು 8 ಬಿಟ್ ಮಾಡುವುದು. ಅದನ್ನು ಮರೆತುಬಿಡಿ. ಅದರ ಜೊತೆಗೆ ಕಪ್ಪು ಮಟ್ಟ ಹಿಡಿಯೋಕೆ ಪಲ್ಸ್ ಕೊಡುವುದು, 4.43ರ ಬಣ್ಣದ ಸಿಗ್ನಲ್ ಸೋಸುವುದು, ಗೆರೆಗೆ ಹೊಂದುವ ಕ್ಲಾಕ್ ಹುಟ್ಟಿಸುವುದು ಎಲ್ಲ ನೀವೇ ಕಟ್ಟಬೇಕು. ಎಸ್‌ಎಎ7113 ಅಥವಾ ಟಿವಿಪಿ5150 ತರಹದ ವಿಡಿಯೊ ಡಿಕೋಡರ್ ಹಾಕಿದರೆ ಇಷ್ಟೂ ಒಂದೇ ಚಿಪ್ಪಿನೊಳಗೆ ಆಗುತ್ತದೆ. ಸಿಂಕ್ (ಗೆರೆ, ಫೀಲ್ಡ್ ಎಲ್ಲಿ ಶುರು ಅಂತ ಹೇಳುವ ಪಲ್ಸ್) ಬೇರ್ಪಡಿಸುವ ಎಲ್‌ಎಂ1881 ಕೂಡ ಬೇಡ. ಹೊರಗೆ 27 ಮೆಗಾಹರ್ಟ್ಸ್‌ನಲ್ಲಿ ಬೈಟುಗಳು ಬರುತ್ತವೆ. ಒಂದು ಬಿಟ್ಟು ಒಂದು ಹೆಕ್ಕಿದರೆ ಕಪ್ಪು ಬಿಳುಪು ಚಿತ್ರ. ಬಣ್ಣದ ಬೈಟು ನಮಗೆ ಯಾಕೆ?

ಐಡಿಟಿ7202 ಅಂದರೆ 1024 × 9 ಬಿಟ್ಟಿನ ಫೀಫೋ, ಮೊದಲು ಹೋದದ್ದು ಮೊದಲು ಹೊರಬರುವ ಮೆಮೊರಿ. ಒಂದು ಗೆರೆ ಆರಾಮಾಗಿ ಹಿಡಿಸುತ್ತದೆ. ಅದೇ ಮನೆತನದ 7203, 7204 ಆದರೂ ನಡೆಯುತ್ತದೆ. ಕಾಲುಗಳು ಒಂದೇ, ಜಾಗ ಜಾಸ್ತಿ. ಬರೀ ಹೆಚ್ಚಿನ ಗೆರೆಗಳನ್ನು ಕೈಬಿಡುವ ಸರಳ ಕನ್ವರ್ಟರ್ ಆದರೆ ಒಂದೇ 7204ರಲ್ಲಿ ಮುಗಿಯುತ್ತದೆ. ಅದರಲ್ಲಿ ಐದು ಗೆರೆ ಹಿಡಿಸುತ್ತದೆ.

ಲಾಜಿಕ್ ತುಂಬುವ ಚಿಪ್ ಇಪಿಎಂ7128ಎಸ್ ಸಿಗದಿದ್ದರೆ ಎಟಿಎಫ್1508ಎಎಸ್. ಅದೇ 5 ವೋಲ್ಟ್, ಅದೇ ಕಾಲುಗಳು. ಹಳೇ ಪ್ರೋಗ್ರಾಂ ಫೈಲನ್ನು ಅದಕ್ಕೆ ಪರಿವರ್ತಿಸುವ ಸಾಫ್ಟ್‌ವೇರ್ ಕೂಡ ಇದೆ. 27ಸಿ512 ಅಂದರೆ ಗೆರೆ ಬೆರೆಸುವ ಗುಣಾಕಾರದ ಟೇಬಲ್ ಇಡುವ ಇಪಿರಾಮ್. ಅದರ ಬದಲು ಎಸ್‌ಎಸ್‌ಟಿ39ಎಸ್‌ಎಫ್010ಎ ಫ್ಲಾಶ್ ಹಾಕಿ. 70 ನ್ಯಾನೊಸೆಕೆಂಡಿನದು. ನಮ್ಮ ಓದುವ ಕ್ಲಾಕಿನ ಒಂದು ಸುತ್ತು 114 ನ್ಯಾನೊಸೆಕೆಂಡು. ಸಮಯ ಉಳಿಯುತ್ತದೆ. ಅಳಿಸೋಕೆ ಯುವಿ ದೀಪ ಹುಡುಕುವ ಗೋಳೂ ಇಲ್ಲ. ಆದರೆ ಅದಕ್ಕೆ 32 ಕಾಲು, ಸಾಕೆಟ್ ಬದಲಾಗುತ್ತದೆ ನೋಡಿಕೊಳ್ಳಿ.

ಗೇಟುಅರೇ

> ಎಟಿಎಫ್1508ಎಎಸ್

ಬೆಸುಗೆಕಡ್ಡಿ ಅವರೇ, ಕ್ಷಮಿಸಿ, ಇಷ್ಟೆಲ್ಲ ಯಾಕೆ? ಒಂದು ಐಸ್40 ಎಚ್‌ಎಕ್ಸ್1ಕೆ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್) ತೆಗೆದುಕೊಂಡರೆ ಫೀಫೋ, ಲಾಜಿಕ್, ಗುಣಾಕಾರದ ಟೇಬಲ್ ಎಲ್ಲ ಒಳಗೇ ಹೋಗುತ್ತದೆ. ಅದರಲ್ಲಿ 64 ಕಿಲೋಬಿಟ್ ಮೆಮೊರಿ ಇದೆ, ಅಂದರೆ 11 ಗೆರೆ. 144 ಕಾಲಿನ ಪ್ಯಾಕೇಜ್, ಕೈಯಲ್ಲೇ ಸೋಲ್ಡರ್ ಮಾಡಬಹುದು. ಅದಕ್ಕೆ ಬೇಕಾದ ಸಾಫ್ಟ್‌ವೇರ್ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್ ಉಚಿತ. ಸತ್ತ ಚಿಪ್ಪುಗಳ ಹಿಂದೆ ಓಡೋದು ಯಾವ ಸುಖಕ್ಕೆ?

ಬೆಸುಗೆಕಡ್ಡಿ

ನಿಮ್ಮ ಮಾತು ಸರಿ. ಆದರೆ ಪ್ರೋಗ್ರಾಂ ತುಂಬುವ ಇಂಥ ಚಿಪ್ ಕೂಡ ಸಾಯುತ್ತದೆ, ಅದೂ ಬೇಗ. ಹತ್ತು ವರ್ಷದ ಹಿಂದೆ ಎಲ್ಲರೂ ಎಕ್ಸ್‌ಸಿ9572ಎಕ್ಸ್‌ಎಲ್ ಹಾಕಿ ಅಂತ ಹೇಳುತ್ತಿದ್ದರು. ಈಗ ಅದಕ್ಕೂ ವಿದಾಯ ಹೇಳಿಯಾಗಿದೆ. 8 ಬಿಟ್ ಹಿಡಿದಿಡುವ 74ಎಚ್‌ಸಿಟಿ574 ಇವತ್ತೂ ತಯಾರಾಗುತ್ತಿದೆ. ಮೀಟರಿನ ಮುಳ್ಳಿಟ್ಟು ಯಾವ ಕಾಲಿನಲ್ಲಿ ಏನಾಗುತ್ತಿದೆ ಅಂತ ನೋಡಬಹುದು. ಪರದೆಪ್ರಿಯ ಅವರಿಗೆ ಎಫ್‌ಪಿಜಿಎಗೆ ಬರೆಯುವ ಭಾಷೆ ವೆರಿಲಾಗ್ ಬರುತ್ತದಾ ಅನ್ನೋದು ಮೊದಲ ಪ್ರಶ್ನೆ.

ಪರದೆಪ್ರಿಯ

ಬರೋಲ್ಲ. ನನಗೆ ವಾಲ್ವು ಬರುತ್ತದೆ, 74 ಸರಣಿ ಅರ್ಥ ಆಗುತ್ತದೆ. ಅದರಾಚೆ ಕತ್ತಲು.

ಗೇಟುಅರೇ

ಹಾಗಾದರೆ ಬಿಡಿ, ನನ್ನ ದಾರಿ ಬೇಡ. ಆದರೂ ಕ್ಲಾಕ್ ಬಗ್ಗೆ ಒಂದು ಮಾತು. 8.748 ಮೆಗಾಹರ್ಟ್ಸ್ ಕ್ರಿಸ್ಟಲ್ ಹುಡುಕೋಕೆ ಹೋಗಬೇಡಿ. ಸಿಕ್ಕರೂ ಪ್ರಯೋಜನ ಇಲ್ಲ, ಅದು ಬರುವ ಸಿಗ್ನಲ್ ಜೊತೆ ಹೆಜ್ಜೆ ಹಾಕುವುದಿಲ್ಲ. ಎಸ್‌ಐ5351ಸಿ ತೆಗೆದುಕೊಳ್ಳಿ. ಕೊನೆಯ ಅಕ್ಷರ ಸಿ ಇರಲಿ, ಹೊರಗಿನ ಕ್ಲಾಕ್ ತೆಗೆದುಕೊಳ್ಳುವ ಕಾಲು ಅದರಲ್ಲಿದೆ. ಡಿಕೋಡರಿನ 27 ಮೆಗಾಹರ್ಟ್ಸ್ ಅದಕ್ಕೆ ಕೊಡಿ. 32.4ರಿಂದ ಗುಣಿಸಿದರೆ 874.8. ಅದನ್ನು 100ರಿಂದ ಭಾಗಿಸಿದರೆ 8.748. ಕೊನೆಯ ಭಾಗಾಕಾರ ಪೂರ್ಣ ಸಂಖ್ಯೆ ಆದ್ದರಿಂದ ನಡುಕ ಕಮ್ಮಿ.

ಸುಮ್ನೆಓದುಗ

ಎಸ್‌ಎಎ7113 ಮಾತ್ರ ಹೊಸದು ಕೊಳ್ಳೋಕೆ ಹೋಗಬೇಡಿ ದಯವಿಟ್ಟು. ಹಳೇ ಯುಎಸ್‌ಬಿ ವಿಡಿಯೊ ಕ್ಯಾಪ್ಚರ್ ಸ್ಟಿಕ್ ಬಿಚ್ಚಿ ನೋಡಿ. ಎಷ್ಟೋ ಸ್ಟಿಕ್ಕುಗಳಲ್ಲಿ ಅದೇ ಇರುತ್ತದೆ. ಡ್ರೈವರ್ ಸಿಗದೆ ಜನ ಎಸೆಯುವ ಸ್ಟಿಕ್ಕುಗಳು. ಹಾಟ್ ಏರ್‌ನಲ್ಲಿ ಎತ್ತುವಾಗ ಪಕ್ಕದ 24.576 ಮೆಗಾಹರ್ಟ್ಸ್ ಕ್ರಿಸ್ಟಲ್ಲನ್ನೂ ಕಿತ್ತುಕೊಳ್ಳಿ. ಅದಿಲ್ಲದೆ ಚಿಪ್ ಏಳುವುದಿಲ್ಲ. ನಾನು ಒಮ್ಮೆ ಕ್ರಿಸ್ಟಲ್ ಇರುವ ಬೋರ್ಡನ್ನೇ ಕಸಕ್ಕೆ ಹಾಕಿ, ಆಮೇಲೆ ಬುಟ್ಟಿ ಕೆದಕಿದ್ದೇನೆ.

ಪವರ್ ಕೊಟ್ಟ ಮಾತ್ರಕ್ಕೆ ಅದು ಚಿತ್ರ ಕೊಡುವುದಿಲ್ಲ, ಇದೂ ಗೊತ್ತಿರಲಿ. ಐಸ್ಕ್ವೇರ್‌ಸಿ ಅನ್ನೋ ಎರಡು ತಂತಿಯ ಮೂಲಕ ರಿಜಿಸ್ಟರುಗಳನ್ನು ತುಂಬಬೇಕು. ಯಾವುದಾದರೂ ಸಣ್ಣ ಮೈಕ್ರೊಕಂಟ್ರೋಲರ್ ಸಾಕು. ಏನು ತುಂಬಬೇಕು ಅನ್ನೋ ಟೇಬಲ್ ಲಿನಕ್ಸ್ ಕರ್ನಲ್ಲಿನ ಡ್ರೈವರಿನಲ್ಲೇ ಇದೆ. ಎಸ್‌ಎಎ7115 ಹೆಸರಿನ ಡ್ರೈವರ್ ನೋಡಿ, 7113 ಅದರೊಳಗೇ ಬರುತ್ತದೆ.

ಕತ್ತಲೆಕೋಣೆ

ಟಿಡಿಎ8708 ಬೇಡ ಅಂದದ್ದಕ್ಕೆ ಬೆಸುಗೆಕಡ್ಡಿ ಅವರಿಗೆ ಕೈ ಮುಗಿಯುತ್ತೇನೆ. ನನ್ನ ಕಥೆ ಕೇಳಿ.

ಒಬ್ಬ ಮಾರಾಟಗಾರನಿಂದ ಹತ್ತು ತರಿಸಿದೆ. ನೋಡೋಕೆ ಥಳಥಳ. ಮೂವತ್ತು ವರ್ಷ ಹಳೇ ಚಿಪ್ ಇಷ್ಟು ಹೊಸದಾಗಿ ಯಾಕಿದೆ ಅಂತ ಆಗಲೇ ಅನುಮಾನ ಬರಬೇಕಿತ್ತು. ಎರಡು ಹಾಕಿದೆ, ಬಿಸಿ ಆದವು, ಚಿತ್ರ ಇಲ್ಲ. ನನ್ನ ವೈರಿಂಗೇ ತಪ್ಪು ಅಂತ ಎರಡು ವಾರ ತಲೆ ಕೆರೆದುಕೊಂಡೆ. ಕೊನೆಗೆ ಹತ್ತಿಗೆ ಅಸಿಟೋನ್ ಹಾಕಿ ಒಂದರ ಬೆನ್ನು ಉಜ್ಜಿದೆ. ಅಕ್ಷರ ಅಳಿಸಿತು, ಜೊತೆಗೆ ಕಪ್ಪು ಬಣ್ಣವೂ ಹತ್ತಿಗೆ ಬಂತು. ಕೆಳಗೆ ಉಜ್ಜು ಕಾಗದದ ಗೀರು. ಒಂದನೇ ಕಾಲಿನ ಗುಳಿ ಅರ್ಧ ಮುಚ್ಚಿಹೋಗಿತ್ತು. ಹತ್ತರಲ್ಲಿ ಮೂರು ಮಾತ್ರ ನಿಜವಾದವು. ಆ ಮೂರೂ ಬೋರ್ಡಿನಿಂದ ಕಿತ್ತವು, ಕಾಲಿನ ಮೇಲೆ ಹಳೇ ಸೀಸ ಹಾಗೇ ಇತ್ತು. ಈಗ ಕಾಲಿನ ಮೇಲೆ ಹಳೇ ಸೀಸ ಕಂಡರೆ ನನಗೆ ಖುಷಿ. ಕೊಳಕಾಗಿದ್ದರೂ ಅಸಲಿ.

ಅಂದಿನಿಂದ ಒಂದು ನಿಯಮ: ಅಪರೂಪದ ಚಿಪ್ ಮೊದಲು ತರಿಸು, ಬ್ರೆಡ್‌ಬೋರ್ಡಿನಲ್ಲಿ ಪರೀಕ್ಷೆ ಮಾಡು, ಆಮೇಲೆ ಪಿಸಿಬಿ. ಉಲ್ಟಾ ಮಾಡಿದವನು ನಾನು. ಪಿಸಿಬಿ ಈಗ ಟೀ ಲೋಟ ಇಡೋಕೆ ಬಳಕೆ.

ಹೊಸಬ405

ನಡುವೆ ಬಾಯಿ ಹಾಕುತ್ತಿದ್ದೇನೆ, ಬೈಬೇಡಿ. ಓವಿ7670 ಕ್ಯಾಮೆರಾ ಮಾಡ್ಯೂಲ್ ಬರುತ್ತದಲ್ಲ, ಫೀಫೋ ಇರುವಂಥದ್ದು, ಅದರ ಹಿಂದೆ ಎಎಲ್422ಬಿ ಅಂತ ಒಂದು ಚಿಪ್ ಇದೆ. ಅದನ್ನು ಬಳಸಬಹುದಾ? ಡೇಟಾಶೀಟಿನಲ್ಲಿ 3,93,216 ಬೈಟು ಅಂತ ಇದೆ. ಒಂದು ಫ್ರೇಮೇ ಹಿಡಿಸುತ್ತದೆ ಅಲ್ವಾ?

ಬೆಸುಗೆಕಡ್ಡಿ

ಬೈಯುವುದು ಯಾಕೆ, ಒಳ್ಳೇ ಯೋಚನೆ. ಆದರೆ ಫ್ರೇಮ್ ಹಿಡಿಸುವುದಿಲ್ಲ. 720 × 576 ಅಂದರೆ 4,14,720. ಸ್ವಲ್ಪದರಲ್ಲಿ ತಪ್ಪಿತು. ಫೀಲ್ಡ್ ಆದರೆ 720 × 288, ಅಂದರೆ 2,07,360. ಅದು ಧಾರಾಳವಾಗಿ ಹಿಡಿಸುತ್ತದೆ.

ಎರಡು ಎಚ್ಚರ. ಅದರ ಒಳಗೆ ಇರುವುದು ಡಿರ್ಯಾಮ್. ಕ್ಲಾಕ್ ನಿಲ್ಲಿಸಿದರೆ ಮರೆತುಬಿಡುತ್ತದೆ. ಹಾಗಾಗಿ ಕ್ಲಾಕ್ ಓಡುತ್ತಲೇ ಇರಲಿ, ಬರೆಯುವುದು ಬೇಡವಾದಾಗ ಎನೇಬಲ್ ಕಾಲಿನಿಂದ ತಡೆಯಿರಿ. ಎರಡನೆಯದು, ಬರೆದದ್ದನ್ನು ತಕ್ಷಣ ಓದೋಕೆ ಹೋಗಬೇಡಿ. ಓದುವವನು ಬರೆಯುವವನ ಬೆನ್ನಿಗೆ ಅಂಟಿಕೊಂಡರೆ ಹಳೇ ಫೀಲ್ಡಿನ ಬೈಟು ಬರುತ್ತದೆ. ಒಂದೆರಡು ಗೆರೆ ಅಂತರ ಇಡಿ.

ಅಮೆರಿಕದ 525 ಲೈನಿನ ಮೂಲ ಹಾಕುವವರಿಗೆ ಇದು ಬೇಕೇ ಬೇಕು. ಅಲ್ಲಿ ಸೆಕೆಂಡಿಗೆ 60 ಫೀಲ್ಡ್, ಇಲ್ಲಿ 50. ಗೆರೆ ಕೂಡಿಟ್ಟರೆ ಸಾಲದು, ಫೀಲ್ಡನ್ನೇ ಕೂಡಿಡಬೇಕು. 625ರಿಂದ 405ಕ್ಕೆ ಮಾತ್ರ ಹೋಗುವವರಿಗೆ ಫೀಫೋ ಸಾಕು.

ಹೊಸಬ405

ಆಗಿನ ಕಾಲದಲ್ಲಿ ಮೆಮೊರಿ ಚಿಪ್ಪೇ ಇರಲಿಲ್ಲ. ಬಿಬಿಸಿಯವರು ಹೇಗೆ ಮಾಡುತ್ತಿದ್ದರು?

ಹಳೇತರಂಗ

ಈ ಪ್ರಶ್ನೆಗೇ ಕಾಯುತ್ತಿದ್ದೆ.

ಮೊದಮೊದಲು ಒಂದು ಪರದೆಯ ಮುಂದೆ ಒಂದು ಕ್ಯಾಮೆರಾ. ಅಷ್ಟೇ! ಪರದೆ ಒಂದು ಲೈನ್ ಲೆಕ್ಕದಲ್ಲಿ ಓಡುತ್ತದೆ, ಕ್ಯಾಮೆರಾ ಇನ್ನೊಂದು ಲೆಕ್ಕದಲ್ಲಿ. 1952ರ ಜುಲೈನಲ್ಲಿ ಪ್ಯಾರಿಸ್ಸಿನ ಕಾರ್ಯಕ್ರಮಗಳನ್ನು ಬ್ರಿಟನ್ನಿನಲ್ಲಿ ತೋರಿಸಿದ್ದು ಹೀಗೆಯೇ, ಫ್ರಾನ್ಸಿನ 819 ಲೈನಿನಿಂದ 405ಕ್ಕೆ. 1953ರ ಜೂನ್ 2ರ ಎರಡನೇ ಎಲಿಜಬೆತ್ ರಾಣಿಯ ಪಟ್ಟಾಭಿಷೇಕ ಉಲ್ಟಾ ದಿಕ್ಕಿನಲ್ಲಿ ಹೋಯಿತು.

1960ರ ದಶಕದಲ್ಲಿ ಬಿಬಿಸಿ ಲೈನ್ ಸ್ಟೋರ್ ಕನ್ವರ್ಟರ್ ಮಾಡಿತು. ಅದರಲ್ಲಿ ಸಾಲು ಸಾಲು ಕೆಪಾಸಿಟರ್. ಗೆರೆಯ ಒಂದೊಂದು ಬಿಂದುವಿನ ಬೆಳಕಿನ ಮಟ್ಟವನ್ನು ಒಂದೊಂದು ಕೆಪಾಸಿಟರಿನಲ್ಲಿ ವೋಲ್ಟೇಜಾಗಿ ತುಂಬಿಸಿ, ನಿಧಾನ ಓದುವುದು. ನೀವು ಫೀಫೋದಲ್ಲಿ ಮಾಡುವುದೂ ಅದನ್ನೇ. 1964ರಲ್ಲಿ ಬಿಬಿಸಿ2 625ರಲ್ಲಿ ಶುರುವಾಯಿತು, 1969ರಲ್ಲಿ ಬಿಬಿಸಿ1 ಕೂಡ 625ಕ್ಕೆ ಬಂತು. ಆಮೇಲೆ ಕೊನೆಯವರೆಗೂ ಹಳೇ ಸೆಟ್ಟುಗಳ ಮನೆಗೆ ಚಿತ್ರ ಮುಟ್ಟಿಸಿದ್ದು ಕನ್ವರ್ಟರುಗಳೇ. ಪರದೆಪ್ರಿಯರ ಟಿವಿಗೆ ಕನ್ವರ್ಟರ್ ಹೊಸದೇನಲ್ಲ.

ಇನ್ನೊಂದು, ಸೆಟ್ 1950ಕ್ಕಿಂತ ಹಳೆಯದಾದರೆ ಅಗಲದ ಲೆಕ್ಕ ನೋಡಿಕೊಳ್ಳಿ. 1950ರ ಏಪ್ರಿಲ್ 3ರವರೆಗೆ ಬಿಬಿಸಿ ಚಿತ್ರ 5:4 ಇತ್ತು, ಆಮೇಲೆ 4:3.

ಪರದೆಪ್ರಿಯ

ಎಲ್ಲರಿಗೂ ಧನ್ಯವಾದ. ನನ್ನದು ಆಮೇಲಿನದು. ಈಗ ಆರ್‌ಎಫ್ ಕಡೆ, ಅಂದರೆ ಆಂಟೆನಾ ಸಿಗ್ನಲ್ ಬಗ್ಗೆ ಹೇಳಿ. ಸೆಟ್ಟಿಗೆ ವಿಡಿಯೊ ಇನ್‌ಪುಟ್ ಇಲ್ಲ, ಆಂಟೆನಾ ಸಾಕೆಟ್ ಮಾತ್ರ. ವಿಡಿಯೊವನ್ನು ಆಂಟೆನಾ ಸಿಗ್ನಲ್ ಮಾಡುವ ಮಾಡ್ಯುಲೇಟರನ್ನು ಹಳೇ ವಿಸಿಆರಿನಿಂದ ಕಿತ್ತು ಇಲ್ಲಿ ಜೋಡಿಸಿದರೆ ಆಗೋಲ್ವಾ?

ಹಳೇತರಂಗ

ಆಗೋಲ್ಲ. ವಿಸಿಆರಿನದು ನೆಗೆಟಿವ್ ಮಾಡ್ಯುಲೇಶನ್, ಎಫ್‌ಎಂ ಧ್ವನಿ. 405ರದು ಎರಡೂ ಬೇರೆ. ಇಲ್ಲಿ ಬಿಳಿ ಅಂದರೆ ಪೂರ್ತಿ ಶಕ್ತಿ, ಕಪ್ಪು 30 ಶೇಕಡಾ, ಸಿಂಕ್ ತಳ ಹೆಚ್ಚುಕಮ್ಮಿ ಸೊನ್ನೆ. ಧ್ವನಿಯೂ ಎಎಂ. ಚಾನೆಲ್ 1 ಆದರೆ ಚಿತ್ರ 45 ಮೆಗಾಹರ್ಟ್ಸ್, ಧ್ವನಿ 41.5.

ನಿಮ್ಮ ಪಟ್ಟಿಯ ಎಂಸಿ1496 ಇದಕ್ಕೇ ಇರುವುದು. ಚಿತ್ರಕ್ಕೊಂದು, ಧ್ವನಿಗೊಂದು. ಅದು ಸಿಗುತ್ತದೆ, ಚಿಂತೆ ಬೇಡ. 45 ಮತ್ತು 41.5ರ ಕ್ರಿಸ್ಟಲ್ ಕೂಡ ಬೇಡ, ಇನ್ನೊಂದು ಎಸ್‌ಐ5351 ಎರಡನ್ನೂ ಕೊಡುತ್ತದೆ. ಆದರೆ ಅದು ಚೌಕ ಅಲೆ. ಮೂರು ಪಟ್ಟಿನ ಹಾರ್ಮೋನಿಕ್ 135 ಮೆಗಾಹರ್ಟ್ಸ್‌ನಲ್ಲಿ ಕೂತಿರುತ್ತದೆ. ಹೊರಗೆ ಲೋ ಪಾಸ್ ಫಿಲ್ಟರ್ ಹಾಕಿ. ಟೋಕೋ ಕಾಯಿಲ್ ತಯಾರಿಕೆ ನಿಂತು ವರ್ಷಗಳಾದವು, ಅವುಗಳ ಹಿಂದೆ ಹೋಗಬೇಡಿ. ಟಿ37-6 ಟೊರಾಯ್ಡ್ ಮೇಲೆ ತಂತಿ ಸುತ್ತಿ. ಎಲ್ಲ ತಂತಿಯಲ್ಲೇ ಹೋಗಲಿ, ಹೊರಗೆ ಆಂಟೆನಾಗೆ ಕಟ್ಟಬೇಡಿ.

ಇದಕ್ಕಿಂತ ಮುಖ್ಯ ವಿಷಯ. ನಿಮ್ಮದು ಲೈವ್ ಚಾಸಿಸ್ ಇರಬೇಕು. ಆ ಕಾಲದ ಬ್ರಿಟಿಷ್ ಸೆಟ್ಟುಗಳಲ್ಲಿ ಹೆಚ್ಚಿನವು ಹಾಗೇ, ಕರೆಂಟಿನ ಒಂದು ತಂತಿ ನೇರ ಚಾಸಿಸ್‌ಗೆ. ಆಂಟೆನಾ ಸಾಕೆಟ್ಟನ್ನು ಅದರಿಂದ ದೂರ ಇಡುವುದು ಎರಡು ಸಣ್ಣ ಕೆಪಾಸಿಟರ್ ಮಾತ್ರ. ಅವೂ ಎಪ್ಪತ್ತು ವರ್ಷದ ಮುದುಕರು. ಸೋರಿದರೆ ಕರೆಂಟು ನಿಮ್ಮ ಕನ್ವರ್ಟರಿಗೆ, ಅಲ್ಲಿಂದ ನಿಮ್ಮ ಕೈಗೆ. ಅವೆರಡನ್ನೂ ಸುರಕ್ಷತೆಗೆಂದೇ ಮಾಡಿದ ವೈ1 ದರ್ಜೆಯವಕ್ಕೆ ಬದಲಾಯಿಸಿ. ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಸೆಟ್ ಮುಟ್ಟಬೇಡಿ.

ಪರದೆಪ್ರಿಯ

ಅಯ್ಯೋ, ಆ ಎರಡನ್ನು ಬಿಟ್ಟು ಉಳಿದದ್ದೆಲ್ಲ ಬದಲಾಯಿಸಿದ್ದೆ. ಈಗಲೇ ತೆಗೆಯುತ್ತೇನೆ.

ಪರದೆಪ್ರಿಯ

ಐದು ವಾರದ ನಂತರ ಬರುತ್ತಿದ್ದೇನೆ. ಚಿತ್ರ ಬಂತು! ನಿಂತಿದೆ, ಓಡುತ್ತಿಲ್ಲ. ಸ್ಟಿಕ್ಕಿನಿಂದ ಕಿತ್ತ 7113, ಒಂದೇ 7204, ಎಟಿಎಫ್1508. ಗೆರೆ ಬಿಡುವ ಸರಳ ರೀತಿ. 405ರ ಫೀಲ್ಡ್ ಸಿಂಕ್ ಕೂಡ ಎಟಿಎಫ್ ಒಳಗೇ ಹುಟ್ಟುತ್ತದೆ. ಈಕ್ವಲೈಸಿಂಗ್ ಪಲ್ಸ್ ಇಲ್ಲ, ಎಂಟು ಅಗಲದ ಪಲ್ಸ್ ಅಷ್ಟೇ, ಹಾಗಾಗಿ ಸುಲಭ ಆಯಿತು.

ಒಂದು ತೊಂದರೆ. ಬೆಳ್ಳಗಿರುವ ಕಡೆ ಕರಿ ಚುಕ್ಕೆಗಳು ಮಿಣಮಿಣ ಅನ್ನುತ್ತವೆ. ಬಿಳಿ ಅಂಗಿ ಹಾಕಿದವರು ಬಂದರೆ ಎಳ್ಳು ಚೆಲ್ಲಿದ ಹಾಗೆ. ಕಪ್ಪು ಜಾಗ ಪೂರ್ತಿ ಚೊಕ್ಕ. ಡಿಕೋಡರ್ ಪಕ್ಕದ 74ಎಚ್‌ಸಿ574ರ ಮೇಲೆ ಬೆರಳಿಟ್ಟರೆ ಚುಕ್ಕೆ ಜಾಸ್ತಿ ಆಗುತ್ತದೆ.

ಕತ್ತಲೆಕೋಣೆ

ನಕಲಿ 7204 ಇರಬಹುದಾ? ಉಜ್ಜಿ ನೋಡಿ.

ಬೆಸುಗೆಕಡ್ಡಿ

ಉಜ್ಜಬೇಡಿ, ಉಜ್ಜಬೇಡಿ. ನೀವೇ ಬರೆದಿದ್ದೀರಿ ನೋಡಿ: 74ಎಚ್‌ಸಿ574. ಅದಕ್ಕೆ 5 ವೋಲ್ಟ್ ಕೊಟ್ಟಿದ್ದೀರಿ ತಾನೇ? ಹಾಗಾದರೆ ಅದು 3.5 ವೋಲ್ಟ್ ಮೇಲಿದ್ದರೆ ಮಾತ್ರ "ಒಂದು" ಅಂತ ಖಾತ್ರಿಯಾಗಿ ಓದುತ್ತದೆ. ಡಿಕೋಡರ್ 3.3 ವೋಲ್ಟಿನದು, ಅಷ್ಟು ಎತ್ತರ ಹೋಗುವುದೇ ಇಲ್ಲ. ಗಡಿಯಲ್ಲಿ ಹೇಗೋ ನಡೆಯುತ್ತಿದೆ. ಮೇಲಿನ ಬಿಟ್ ಒಮ್ಮೊಮ್ಮೆ ತಪ್ಪಿ ಸೊನ್ನೆ ಆದಾಗ ಬಿಳಿ ಇದ್ದದ್ದು ಕಪ್ಪಾಗುತ್ತದೆ. ಕಪ್ಪಿನಲ್ಲಿ ಆ ಬಿಟ್ ಮೊದಲೇ ಸೊನ್ನೆ, ಅದಕ್ಕೇ ಅಲ್ಲಿ ಏನೂ ಕಾಣುವುದಿಲ್ಲ.

74ಎಚ್‌ಸಿಟಿ574 ಹಾಕಿ. ಅದಕ್ಕೆ 2 ವೋಲ್ಟ್ ಸಾಕು. ಕಾಲುಗಳು ಅವೇ.

ಪರದೆಪ್ರಿಯ

ಒಂದು "ಟಿ" ಅಕ್ಷರಕ್ಕೆ ನಾಲ್ಕು ರಾತ್ರಿ ಹೋಯಿತು. ಬದಲಾಯಿಸಿದೆ. ಅಂಗಿ ಬೆಳ್ಳಗಾಯಿತು.

ಓರೆ ಗೆರೆಗಳು ಮಾತ್ರ ಮೆಟ್ಟಿಲು ಮೆಟ್ಟಿಲು. ಸಣ್ಣ ಅಕ್ಷರ ಬಂದರೆ ಅರ್ಧ ಮಾಯ.

ಗೇಟುಅರೇ

ಗೆರೆ ಬಿಟ್ಟರೆ ಹಾಗೇ. ಅಕ್ಕಪಕ್ಕದ ಎರಡು ಗೆರೆ ಬೆರೆಸಬೇಕು. ಎರಡನೇ ಫೀಫೋ, ಎರಡು ಫ್ಲಾಶ್ ಚಿಪ್. 8 ಬಿಟ್ ಚಿತ್ರ, 3 ಬಿಟ್ ಪಾಲು, ಒಟ್ಟು 11 ವಿಳಾಸ ಗೆರೆ. ಎರಡೂ ಫ್ಲಾಶಿನ ಉತ್ತರವನ್ನು ಎರಡು 74ಎಚ್‌ಸಿಟಿ283ರಲ್ಲಿ ಕೂಡಿಸಿ. ಅಥವಾ ವೆರಿಲಾಗ್ ಕಲಿಯಿರಿ, ಇನ್ನೂ ತಡ ಆಗಿಲ್ಲ.

ಪರದೆಪ್ರಿಯ

ಫ್ಲಾಶ್ ತರಿಸಿದ್ದೇನೆ. ವೆರಿಲಾಗ್ ಮುಂದಿನ ಜನ್ಮಕ್ಕೆ.

ನಿನ್ನೆ ರಾತ್ರಿ ಒಂದು ಹಳೇ ಕಪ್ಪು ಬಿಳುಪು ಚಿತ್ರ ಪೂರ್ತಿ ನೋಡಿದೆ. ಕಿವಿಯಲ್ಲಿ ಸಣ್ಣಗೆ ಕುಯ್ಯ್ ಅಂತ ಸದ್ದು ಇದ್ದೇ ಇತ್ತು. 10 ಕಿಲೋಹರ್ಟ್ಸ್ ಅಲ್ವಾ, ನನ್ನ ವಯಸ್ಸಿನ ಕಿವಿಗೂ ಕೇಳಿಸುತ್ತದೆ.

ಹೊಸಬ405 ಅವರೇ, ಬಿಚ್ಚಿದ ಎರಡನೇ ಸ್ಟಿಕ್ಕಿನ 7113 ನನ್ನ ಹತ್ತಿರ ಉಳಿದಿದೆ. 24.576ರ ಕ್ರಿಸ್ಟಲ್ಲೂ ಇದೆ. ಮೂಲೆಯ ಒಂದು ಕಾಲು ಸ್ವಲ್ಪ ಬಗ್ಗಿದೆ, ಸೂಜಿಯಲ್ಲಿ ನೆಟ್ಟಗೆ ಮಾಡಬಹುದು. ಬೇಕಾದರೆ ಹೇಳಿ.

ಹೊಸಬ405

ಬೇಕು ಸರ್! ಕಾಲು ನಾನು ನೆಟ್ಟಗೆ ಮಾಡಿಕೊಳ್ಳುತ್ತೇನೆ.